ಶನಿವಾರ ಕೇಳಿದ ಪ್ರಶ್ನೆ

ಹುಳಿತ ಗಂಜಿಯ ವಾಸನೆ ಎಂದರೆ ನನಗೆ ಬೆಳಗು. ಚಿಕ್ಕವಳಿದ್ದಾಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಕಣ್ಣು ಬಿಡುವ ಮೊದಲೇ ಅದು ಮೂಗಿಗೆ ಬರುತ್ತಿತ್ತು. ನೂಲಿಗೆ ಹಚ್ಚಲು ಹಿಂದಿನ ಸಂಜೆ ಕಾಯಿಸಿಟ್ಟ ಗಂಜಿ, ಒದ್ದೆ ಹತ್ತಿ, ಮಣ್ಣಿನ ನೆಲ, ಮೂರೂ ಕೂಡಿದ ವಾಸನೆ. ಮುಂದೆ ಕಾಲೇಜು ಓದಲು ಬಾಗಲಕೋಟೆಯ ಹಾಸ್ಟೆಲಿನಲ್ಲಿ ಇದ್ದಾಗ ಬೆಳಗಾಗಿದೆ ಎಂದು ಗೆಳತಿಯರು ಎಬ್ಬಿಸಿದರೂ ನನ್ನ ಮೈ ನಂಬುತ್ತಿರಲಿಲ್ಲ.

ಓದು ಮುಗಿಸಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ, ನಿವೃತ್ತಳಾಗಿ ನಾನು ಮತ್ತೆ ಅದೇ ಓಣಿಗೆ ಬರುವಷ್ಟರಲ್ಲಿ ಅಲ್ಲಿ ಪವರ್‌ಲೂಮುಗಳ ಸದ್ದು ತುಂಬಿತ್ತು. ಗಂಜಿಯ ವಾಸನೆ ಉಳಿದದ್ದು ಎದುರು ಮನೆಯಲ್ಲಿ ಮಾತ್ರ. ಅಲ್ಲಿ ರೇಣವ್ವ ಮತ್ತು ಅವಳ ಮಗ ಶಂಭು ಇದ್ದರು. ಗಂಡ ಸತ್ತ ಮೇಲೆ ರೇಣವ್ವ ಮಗನನ್ನು ನೆಲದಲ್ಲಿ ಕುಣಿ ತೋಡಿ ಹೂಡಿದ ಕುಣಿಮಗ್ಗದ ಮೇಲೆ ಕೂರಿಸಿ ಬೆಳೆಸಿದ್ದಳು. ಮಗ್ಗ ಅವರದಲ್ಲ, ಊರಿನ ಸೀರೆ ವ್ಯಾಪಾರಿ ಶಿವಸಂಗಪ್ಪನವರದು. ನೂಲು, ರೇಷ್ಮೆ ಎಲ್ಲ ಅವರೇ ಕೊಡುತ್ತಿದ್ದರು, ತಾಯಿಮಗ ನೇಯ್ದು ಕೊಡುತ್ತಿದ್ದರು.

ಶಂಭುವಿನ ಕೈಗುಣದ ಬಗ್ಗೆ ಯಾರದೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಕುಡಿತದ ಬಗ್ಗೆ. ದಿನಾ ಕುಡಿಯುವವನಲ್ಲ. ಕುಡಿದರೆ ಮಾತ್ರ ನೆಲ ಹಿಡಿಯುವವರೆಗೆ ಕುಡಿಯುತ್ತಿದ್ದ.

ಸಾರಾಯಿ ಬಂದ್ ಆದ ಮರುವರ್ಷ ನನ್ನ ತಂಗಿಯ ಮಗ ಶ್ರೀಧರ ನಮ್ಮ ಮನೆಗೆ ಬಂದ. ಬಾಗಲಕೋಟೆಯ ನವನಗರದಲ್ಲಿ ರೂಮು ಹಿಡಿದು ಮನಃಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಹುಡುಗ. ಅತಿಯಾಗಿ ಕುಡಿಯುವ ಹರೆಯದವರ ಮೊಬೈಲಿಗೆ ಕಂಪ್ಯೂಟರಿನಿಂದ ಸಂದೇಶ ಕಳಿಸುವ ಕೆಲಸ ಹಚ್ಚಿಕೊಂಡಿದ್ದೇನೆ ಎಂದ. ಶನಿವಾರ ಮಧ್ಯಾಹ್ನ ಒಂದು ಸಂದೇಶ: ಇವತ್ತು ಕುಡಿಯುವ ವಿಚಾರ ಇದೆಯೇ, ಇದ್ದರೆ ಎಷ್ಟಕ್ಕೆ ನಿಲ್ಲಿಸುತ್ತೀರಿ? ರವಿವಾರ ಬೆಳಿಗ್ಗೆ ಇನ್ನೊಂದು: ನಿನ್ನೆ ಎಷ್ಟಾಯಿತು? ಹೆಚ್ಚಾಗಿದ್ದರೆ, ಮುಂದಿನ ವಾರಕ್ಕೆ ನೀವೇ ಒಂದು ಮಿತಿ ಹಾಕಿಕೊಳ್ಳುತ್ತೀರಾ ಎಂಬ ಪ್ರಶ್ನೆ. ಬೈಗುಳವೂ ಇಲ್ಲ, ಉಪದೇಶವೂ ಇಲ್ಲ.

"ಬಿಡು ಅಂತ ಒಂದ ಮಾತೂ ಹೇಳಂಗಿಲ್ಲೇನೊ?" ಎಂದೆ.

"ಬಿಡು ಅನ್ನೋರು ಮನಿ ತುಂಬ ಅದಾರ ದೊಡವ್ವ. ಎಷ್ಟು ಅಂತ ಮರ್ಯಾದೀಲೆ ಕೇಳೋರು ಯಾರೂ ಇಲ್ಲ. ಕೇಳಿದ್ರ ಉತ್ತರ ಕೊಡಾಕರ ಒಮ್ಮೆ ಎಣಸ್ತಾರ. ಎಣಿಸೋ ಮುಂದ ಕೈ ಒಂದಿಷ್ಟು ತಡೀತೈತಿ."

ನನಗೆ ನಂಬಿಕೆ ಬರಲಿಲ್ಲ. ಊಟಕ್ಕೆ ಮೊದಲು ವಚನ ಹೇಳುವ ಮನೆಯಲ್ಲಿ ಬೆಳೆದವಳು ನಾನು. ಕುಡಿಯುವವನಿಗೆ ಎಷ್ಟು ಕುಡಿಯುತ್ತೀ ಎಂದು ಕೇಳುವುದು ನನಗೆ ಎಲೆ ಹಾಕಿ ಕರೆದಂತೆ ಕಂಡಿತು. ಆದರೂ ಶಂಭುವಿನ ಹೆಸರು ಹೇಳಿದೆ. ರೇಣವ್ವನ ಮುಖ ಕಣ್ಣ ಮುಂದೆ ಬಂತು, ಹೇಳಿಬಿಟ್ಟೆ.

ಶಂಭು ಒಪ್ಪಿಕೊಂಡ. ಅವನ ಹಳೆಯ ಹ್ಯಾಂಡ್‌ಸೆಟ್ಟಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಸಂದೇಶದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿತ್ತು. ಅದನ್ನು ಓದಲು ಅವನಿಗೆ ಬೇಸರ. ಶನಿವಾರ ಫೋನು ಗುಂಯ್ ಎಂದ ಕೂಡಲೇ ಮಗ್ಗದಿಂದ ಎದ್ದು ನಮ್ಮ ಕಟ್ಟೆಗೆ ಬರುತ್ತಿದ್ದ.

"ಅಕ್ಕೋರ, ಕಂಪ್ಯೂಟರಪ್ಪ ಏನೋ ಅಂದಾನ. ಒಂಚೂರು ಓದಿ ಹೇಳ್ರಿ."

"ಇವತ್ತ ಕುಡಿಯೋ ವಿಚಾರ ಐತೇನು ಅಂತಾನ."

"ಇಲ್ಲ ಅಂತ ಬರೀರಿ. ಮತ್ತ, ಊಟ ಆತೇನು ಅಂತ ಅವಗೂ ಒಂದ ಮಾತು ಕೇಳ್ರಿ. ಪಾಪ, ವಾರಾ ವಾರಾ ನನ್ನ ವಿಚಾರಸ್ತಾನ."

ಸೊನ್ನೆ ಒತ್ತಿ ಕಳಿಸುತ್ತಿದ್ದೆ. ರವಿವಾರವೂ ಸೊನ್ನೆ. ಶಂಭು ನಕ್ಕು ನಮ್ಮ ನೀರಿನ ಕೊಡ ಒಳಗಿಟ್ಟು, ಕೇಳದಿದ್ದರೂ ತುಳಸಿಗೆ ಒಂದು ಚೆಂಬು ನೀರು ಹಾಕಿ ಹೋಗುತ್ತಿದ್ದ. ಹೀಗೇ ಬೇಸಿಗೆ ಕಳೆಯಿತು. ಶ್ರೀಧರ ಫೋನು ಮಾಡಿ, "ದೊಡವ್ವ, ಎಲ್ಲಾರಕಿಂತ ನಿಮ್ಮ ಶಂಭುನ ಲೆಕ್ಕ ಚಂದ ಐತಿ. ಬರೇ ಸೊನ್ನಿ. ನಮ್ಮ ಗೈಡರಿಗೂ ತೋರಿಸೀನಿ," ಎಂದು ಹಿಗ್ಗಿದ. ನಾನೂ ಹಿಗ್ಗಿದೆ. ನಡುವೆ ಒಂದೆರಡು ಸಲ ಮಗ್ಗ ನಿಂತದ್ದುಂಟು. ಕೇಳಿದರೆ ರೇಣವ್ವ, "ಜ್ವರಾ ಬಂದಾವ್ರಿ," ಎನ್ನುತ್ತಿದ್ದಳು.

ಆಷಾಢ ಹಿಡಿದ ದಿನ ಬೆಳಿಗ್ಗೆ ನನಗೆ ಎಚ್ಚರವಾದರೂ ಏಳಲು ಮನಸ್ಸಾಗಲಿಲ್ಲ. ಏನೋ ಸರಿಯಿಲ್ಲ ಅನಿಸುತ್ತಿತ್ತು. ಹೊರಳಾಡಿ, ಎದ್ದು, ಬಾಗಿಲು ತೆರೆದು ನಿಂತಾಗ ತಿಳಿಯಿತು. ಗಂಜಿಯ ವಾಸನೆ ಇರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಶಿವಸಂಗಪ್ಪನವರು ಕೊಡೆ ಊರಿ ನಿಂತಿದ್ದರು. ರೇಣವ್ವ ಸೆರಗು ಹೊದ್ದು ಗೋಡೆಗೆ ಒರಗಿದ್ದಳು. ಒಳಗಿನಿಂದ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು.

"ನಿನ್ನಿ ಅಮಾಸಿ, ಸೂಟಿ. ನಾ ಏನೂ ಅನ್ನಂಗಿಲ್ಲ," ಎಂದರು ಶಿವಸಂಗಪ್ಪ. "ಪ್ರತಿ ಅಮಾಸಿ ಮರುದಿನಾನೂ ನನ್ನ ಮಗ್ಗಕ್ಕ ಸೂಟಿ ಅಂದ್ರ ಹೆಂಗವಾ? ಒಮ್ಮೊಮ್ಮೆ ಅದರ ಮರುದಿನಾನೂ."

"ಜ್ವರಾ ಬಂದಾವ್ರಿ ಯಪ್ಪಾ."

"ಆ ಜ್ವರದ ವಾಸ್ನಿ ಇಲ್ಲೀತನಕ ಬರಾಕತ್ತೈತಿ." ಅವರು ದನಿ ಏರಿಸಲಿಲ್ಲ. "ಕೇಳು. ಬರೋ ಅಮಾಸಿ ಮುಗದು ಪಾಡ್ಯದ ದಿನ ನನ್ನ ಮಗಳು ಪ್ರೀತಿದು ಮದುವಿ ಸೀರಿ ಹಿಡೀಬೇಕು. ನಿಮ್ಮ ಮಗ್ಗದ ಮ್ಯಾಲೇನ ಹಿಡಿಯೂಣು ಅಂತ ನನ್ನ ಹೆಂಡತಿ ಹಟ. ಅವತ್ತ ಇವ ಕೊಂಡಿ ಹಾಕಾಕ ಕೂಡಲಿಲ್ಲ ಅಂದ್ರ ಮಗ್ಗಾ ಬಿಚ್ಚಿಸಿ ಬ್ಯಾರೇದವರ ಮನ್ಯಾಗ ಹಾಕಸ್ತೇನಿ. ಇನ್ನ ನೀನು ಅತ್ತರೂ ಕೇಳಂಗಿಲ್ಲ."

ಕೊಂಡಿ ಎಂದರೆ ನಮ್ಮ ಊರಿನ ಸೀರೆಯ ಪ್ರಾಣ. ಮೈಯ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ತುದಿಗಳನ್ನು ಎಳೆಎಳೆಯಾಗಿ ಕುಣಿಕೆ ಹಾಕಿ ಸೇರಿಸಬೇಕು. ಒಬ್ಬರು ಎಳೆ ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ಸೇರಿಸಬೇಕು. ಕೈ ನಡುಗಿದರೆ ರೇಷ್ಮೆ ಹರಿಯುತ್ತದೆ, ನಡುವೆ ಎದ್ದರೆ ಸಿಕ್ಕಾಗುತ್ತದೆ. ರೇಣವ್ವ ಹಿಡಿಯಬಲ್ಲಳು, ಕಣ್ಣು ಮಂಜಾದ ಮೇಲೆ ಸೇರಿಸಲಾರಳು. ಸೇರಿಸುವವನು ಶಂಭುವೇ.

ಶಿವಸಂಗಪ್ಪನವರು ಹೋದ ಮೇಲೆ ರೇಣವ್ವ ನನ್ನತ್ತ ನೋಡಿ, "ಮಗ್ಗಾ ಹೋದ್ರ ಈ ಕುಣ್ಯಾಗ ನಾ ಏನು ತುಂಬ್ಲಿ ಅಕ್ಕೋರ?" ಎಂದಳು. ಅಷ್ಟೇ.

ಮಧ್ಯಾಹ್ನ ಶಂಭು ಮುಖ ತೊಳೆದುಕೊಂಡು ಹೊರಗೆ ಬಂದಾಗ ನಾನು ತಡೆಯಲಾರದೆ ಕೇಳಿದೆ.

"ಸೊನ್ನಿ ಸೊನ್ನಿ ಅಂತ ನನ್ನ ಕೈಲೇ ಬರಿಸಿದೆಲ್ಲೋ."

ಅವನು ನಿಜವಾಗಿಯೂ ಅಚ್ಚರಿಪಟ್ಟ. "ಖರೇನ ಬರಿಸೀನ್ರಿ. ಶನಿವಾರ ನಾ ಮುಟ್ಟಂಗಿಲ್ಲ. ತುಳಸಿಗೇರಿ ಹನಮಪ್ಪನ ವಾರ, ನಮ್ಮಪ್ಪನ ಕಾಲದಿಂದ ನಡಕೊಂಡ ಬಂದೀವಿ. ಅವ ಶನಿವಾರದ್ದು ಕೇಳಿದ, ನಾ ಶನಿವಾರದ್ದು ಹೇಳಿದೆ."

"ಮತ್ತ ಅಮಾಸಿದು?"

"ಅಮಾಸಿದು ಯಾರೂ ಕೇಳಲಿಲ್ಲಲ್ರಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ನೇಕಾರರ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಅವತ್ತು ಲಾಳಿ ಮುಟ್ಟುವಂತಿಲ್ಲ. ತಿಂಗಳೆಲ್ಲ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗರಿಗೆ ಅವತ್ತು ಕೈಕಾಲಿಗೆ ಕೆಲಸವಿಲ್ಲ, ಬೆಳಗಿನಿಂದಲೇ ಹುಂಗುಂದ ರಸ್ತೆಯ ಢಾಬಾ ಸೇರುತ್ತಾರೆ. ಇದು ಓಣಿಯ ಕೂಸಿಗೂ ಗೊತ್ತು. ಗೊತ್ತಿಲ್ಲದ್ದು ಕಂಪ್ಯೂಟರಿಗೆ.

ಫೋನಿನಲ್ಲಿ ಹೇಳಿದರೆ ಸಾಲದು ಅನಿಸಿ ಮರುದಿನ ಬಸ್ಸು ಹತ್ತಿದೆ. ಹುಂಗುಂದ, ಅಮೀನಗಡ, ಕಮತಗಿ. ಪ್ರತಿ ನಿಲ್ದಾಣದಲ್ಲಿ ಬಸ್ಸು ನಿಂತಷ್ಟು ಹೊತ್ತು ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ನನ್ನ ಚಡಪಡಿಕೆ ಕಂಡು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಗಾಳಿ ಬೇಕಾಗಿದೆ ಎಂದುಕೊಂಡಳೋ ಏನೋ.

ಶ್ರೀಧರನ ರೂಮಿನಲ್ಲಿ ಮಂಚಕ್ಕಿಂತ ಕಂಪ್ಯೂಟರಿಗೇ ಹೆಚ್ಚು ಜಾಗ. ಪರದೆಯ ಮೇಲೆ ಶಂಭುವಿನ ಗೆರೆ ತೋರಿಸಿದ. ಬೇರೆ ಹುಡುಗರ ಗೆರೆಗಳು ಗುಡ್ಡದಂತೆ ಏರಿ ಇಳಿದಿದ್ದವು, ಶಂಭುವಿನದು ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಶ್ರೀಧರ ಹಣೆ ಒತ್ತಿಕೊಂಡು, "ತುಳಸಿಗೇರಿ ನಮ್ಮ ಊರ ಮಗ್ಗಲದಾಗ ಐತಿ ದೊಡವ್ವ. ಶನಿವಾರ ಪಾಳಿ ಹಚ್ಚಿ ನಿಲ್ಲೋ ಮಂದೀನ ವಾರಾ ವಾರಾ ನೋಡಾಂವ ನಾ. ಪುಸ್ತಕದಾಗ ಶನಿವಾರ ಕುಡೀತಾರ ಅಂತ ಇತ್ತು, ಶನಿವಾರ ಅಂತ ಹಾಕಿದೆ," ಎಂದ.

"ಅಮಾಸಿಗೆ ಬದಲ ಮಾಡಾಕ ಆಗಂಗಿಲ್ಲೇನು?"

"ಗೈಡರಿಗೆ ಫೋನ್ ಮಾಡ್ತೇನಿ, ತಡೀರಿ."

ಹೊರಗೆ ಹೋಗಿ ಮಾತಾಡಿ ಬಂದ. ನಡುವೆ ವೇಳೆ ಬದಲಾಯಿಸಿದರೆ ಸಂಶೋಧನೆ ಕೆಡುತ್ತದೆ ಎಂದರಂತೆ. ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತ. ಕೊನೆಗೆ ಶಂಭುವಿನ ಗೆರೆಯನ್ನು ಆರಿಸಿ ತೆಗೆದುಹಾಕಿದ. ಗೈಡರಿಗೆ ಹೆಮ್ಮೆಯಿಂದ ತೋರಿಸಿದ ಗೆರೆ ಅದು.

"ಅವನ್ನ ಲೆಕ್ಕದಿಂದ ಹೊರಗ ತಗದೆ. ಇನ್ನ ಅಮಾಸಿ ದಿನ ನನ್ನ ಫೋನಿನಿಂದ ನಾನ ಕೇಳ್ತೇನಿ. ಆದ್ರ ದೊಡವ್ವ, ನೀವು ಅವನ ಬೆನ್ನ ಹತ್ತಬ್ಯಾಡ್ರಿ. ಹುಡುಕ್ಕೊಂಡು ಹೋಗೋದು, ಕೈ ಹಿಡದು ಎಳಕೊಂಡು ಬರೋದು ಮಾಡಬ್ಯಾಡ್ರಿ. ಕೇಳಬೇಕು, ಸುಮ್ಮನ ಕೂಡಬೇಕು. ಅಷ್ಟ ಕೆಲಸ."

ಸುಮ್ಮನೆ ಕೂಡುವುದು ಎಷ್ಟು ಕಷ್ಟವೆಂದು ಆ ವಯಸ್ಸಿನ ಹುಡುಗನಿಗೆ ಗೊತ್ತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಶಿವಸಂಗಪ್ಪನವರ ಮನೆಯಿಂದ ರೇಷ್ಮೆ ಬಂತು. ರೇಣವ್ವ ಅದನ್ನು ದೇವರ ಮುಂದಿಟ್ಟಳು. ಶಂಭು ನಮ್ಮ ಕಟ್ಟೆಗೆ ಬಂದ.

"ಒಟ್ಟ ಹೋಗಬ್ಯಾಡ ಅಂತ ಹೇಳಬೇಕಂತ ಮಾಡೀರಿ. ಹೇಳಿಬಿಡ್ರಿ ಅಕ್ಕೋರ, ತಡಕೋಬ್ಯಾಡ್ರಿ."

"ನಾ ಏನೂ ಹೇಳಂಗಿಲ್ಲ."

"ಹೋಗಲಿಲ್ಲ ಅಂದ್ರ ದೋಸ್ತರು ಮನೀಗ ಬಂದು ಕುಂಡರ್ತಾರ. ಮಗ್ಗಾನೂ ಮುಟ್ಟಂಗಿಲ್ಲ, ಇಡೀ ದಿನ ಈ ಕೈ ತಗೊಂಡು ಎಲ್ಲಿ ಇಡಲಿ?" ಅಂಗೈ ತಿರುಗಿಸಿ ನೋಡಿಕೊಂಡ. "ಎರಡಕ್ಕ ಎದ್ದು ಬರ್ತೇನಿ. ಶ್ರೀಧರ ಸರ್‌ಗೆ ಎರಡು ಅಂತ ಬರೀರಿ."

ಬರೆದು ಕಳಿಸಿದೆ. "ಸರಿ, ಎರಡು. ನಾಳೆ ಕೇಳುತ್ತೇನೆ," ಎಂದು ಉತ್ತರ ಬಂತು. ಶಂಭು ಅದನ್ನು ತಾನೇ ಬೆರಳಿಟ್ಟು ಓದಿದ.

ಮರುದಿನ ಅವನು ಹೊರಟದ್ದು ಊಟದ ಹೊತ್ತಿಗೆ ಮುಂಚೆ. ನಾನು ಹಪ್ಪಳ ಒಣಗಿಸಲು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಪೇಪರು ಓದಿದೆ, ಒಂದು ಸಾಲೂ ತಲೆಗೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಫೋನಿನ ಮಾತು ಕಡಿಯದೆ ಕೇಳುವಷ್ಟು ಸಿಗ್ನಲ್ ಬರುವುದು ಮಾಳಿಗೆಯ ಮೆಟ್ಟಿಲ ಮೇಲೆ ಮಾತ್ರ, ಅಲ್ಲಿ ಹತ್ತಿ ನಿಂತು ಶ್ರೀಧರನಿಗೆ ಫೋನು ಮಾಡಿದೆ.

"ಕೇಳೀನಿ ದೊಡವ್ವ. ಇನ್ನೂ ಉತ್ತರ ಬಂದಿಲ್ಲ. ಕೂಡ್ರಿ ನೀವು."

ಇಳಿದೆ. ಎದುರು ಮನೆಗೆ ಹೋದೆ. ರೇಣವ್ವ ಮುಟ್ಟಬಾರದ ಮಗ್ಗದ ಸುತ್ತ ಕಸ ಗುಡಿಸುತ್ತಿದ್ದಳು, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಮತ್ತೆ ಮೆಟ್ಟಿಲು ಹತ್ತಿದೆ. ಈ ಸಲ ಶ್ರೀಧರನ ದನಿಯಲ್ಲೂ ಚಡಪಡಿಕೆ ಇತ್ತು. "ಉತ್ತರ ಬಂತು. ಎರಡು ಅಂತ ಬಂದೈತಿ. ಆದ್ರ ಹಿಂದ ಏನೇನೋ ಚ್ಯಾಷ್ಟಿ ಬರದಾನ. ಶಂಭು ಹಂಗ ಬರ್ಯಾಂವ ಅಲ್ಲ."

ಅಲ್ಲಿಗೆ ನನ್ನ ಕೂಡುವ ಶಕ್ತಿ ಮುಗಿಯಿತು. ಚಪ್ಪಲಿ ಮೆಟ್ಟಿ ಓಣಿಯ ಮೂಲೆಗೆ ನಡೆದೆ. ಅಕ್ಬರಸಾಬ ಆಟೋದಲ್ಲಿ ಕೂತು ಬಿಸಿಲು ನೋಡುತ್ತಿದ್ದ. ನನ್ನ ಶಾಲೆಗೆ ಹುಡುಗಿಯರನ್ನು ಬಿಡುತ್ತಿದ್ದವನು, ಬಹಳ ವರ್ಷದ ಪರಿಚಯ.

"ಎಲ್ಲಿಗ್ರಿ ಅಕ್ಕೋರ, ಇಂಥಾ ಬಿಸಲಾಗ?"

"ಹುಂಗುಂದ ರಸ್ತೆ ಢಾಬಾಕ್ಕ."

ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದ. ಊರ ನಡುವಿನ ದಾರಿ ಬಿಟ್ಟು ಹಿಂದಿನ ಓಣಿಗಳಿಂದ ಒಯ್ದ, ನನ್ನನ್ನು ಯಾರೂ ನೋಡದಂತೆ. ಅಲ್ಲಿ ಮುಟ್ಟಿದ ಮೇಲೆ ಆಟೋವನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ತಾನು ಆಚೆ ಮುಖ ಮಾಡಿ ಕೂತ.

ಢಾಬಾದವನು ನನ್ನನ್ನು ಕಂಡು ಗಾಬರಿಯಾಗಿ ಹತ್ತಿರದ ಮೇಜಿನ ಬಾಟಲಿಗಳ ಮೇಲೆ ಪೇಪರು ಹೊದಿಸಿದ. ಒಳಗಿನ ಮೇಜಿನ ಸುತ್ತ ನಮ್ಮ ಓಣಿಯ ಹುಡುಗರು. ಶಂಭು ಇರಲಿಲ್ಲ. ಅವನ ಫೋನು ಶೇಂಗಾ ಸಿಪ್ಪೆಗಳ ನಡುವೆ ಬಿದ್ದಿತ್ತು. ಅವನ ಗೆಳೆಯ ಚಂದಪ್ಪ ಅದನ್ನು ಕೈಗೆತ್ತಿಕೊಂಡು ದೊಡ್ಡ ದನಿಯಲ್ಲಿ ಓದುತ್ತಿದ್ದ.

"ಕೇಳ್ರಲೇ, ಮತ್ತ ಬಂತು. 'ನೀರು ಕುಡಿದೆಯಾ, ಏನಾದರೂ ತಿಂದೆಯಾ' ಅಂತ ಕೇಳ್ಯಾನ. ನನ್ನ ಹೆಂಡತಿ ಒಂದಿನ ಹಿಂಗ ಕೇಳಿಲ್ಲಲೇ."

"ಎರಡು ತಿಂದು ನೀರ ಕುಡದೆ ಅಂತ ಬರಿ."

"ನನಗೂ ಒಂದ ಇಂಥಾ ಕಂಪ್ಯೂಟರ್ ಹಚ್ಚಿಸಿ ಕೊಡ್ರಿ ಅಂತ ಬರೀಲೇನು?"

ನಗು ಎದ್ದಿತು. ಅಷ್ಟರಲ್ಲಿ ಒಬ್ಬ ನನ್ನನ್ನು ಕಂಡ. ನಗು ಒಬ್ಬರಿಂದ ಒಬ್ಬರಿಗೆ ಆರುತ್ತ ಬಂತು. ಚಂದಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲಿನಿಂದ ಒಂದು ಕುರ್ಚಿ ಒರೆಸಿ ನನ್ನ ಮುಂದೆ ಇಟ್ಟ. ಹೆಜ್ಜೆ ಸ್ವಲ್ಪ ತಪ್ಪಿತು, ಒರೆಸುವುದು ಮಾತ್ರ ಚೊಕ್ಕವಾಗಿ ಒರೆಸಿದ.

"ಶಂಭು ಎಲ್ಲಿ?"

"ಎದ್ದು ಹೋದ್ರಿ ಅಕ್ಕೋರ. ಸಿಟ್ಟಾಗಿ ಹೋದ."

"ಯಾಕ?"

ಚಂದಪ್ಪ ಫೋನು ನೋಡಿದ, ನೆಲ ನೋಡಿದ. "ಚ್ಯಾಷ್ಟಿ ಮಾಡಿದ್ವಿರಿ. ಎಷ್ಟಾತು ಅಂತ ಮೆಸೇಜ್ ಬಂತು. ಇವ ಆವಾಗ ಮೂರನೇದು ಮುಗಿಸಿದ್ದ. ನಾ ಫೋನ್ ಕಸಗೊಂಡು ಎರಡು ಅಂತ ಒತ್ತಿ ಕಳಿಸಿದೆ. ಅವನ ಮಾನ ಉಳಿಸಿದೆ ಅಂತ ತಿಳಕೊಂಡಿದ್ದೆ. ಇವ ನೋಡಿದ್ರ, ಸುಳ್ಳ ಲೆಕ್ಕ ಯಾಕ ಕಳಿಸಿದಲೇ ಅಂತ ಹರಿಹಾಯ್ದು ಎದ್ದ. ಫೋನ್ ಸುದ್ದಾ ಒಯ್ಯಲಿಲ್ಲ. ನಾಲ್ಕನೇದು ಹಂಗ ಕುಂತೈತಿ ನೋಡ್ರಿ."

ಮೇಜಿನ ಮೇಲೆ ತುಂಬಿದ ಗ್ಲಾಸೊಂದು ಇತ್ತು. ಯಾರೂ ಮುಟ್ಟಿರಲಿಲ್ಲ.

"ಯಾವ ಕಡೆ ಹೋದ?"

"ಊರ ಕಡೇನರಿ. ನಡಕೋತ. ಬೈಕ್ ಮ್ಯಾಲೆ ಬಿಡ್ತೇನಿ ಅಂದ್ರ ಕೇಳಲಿಲ್ಲ." ಫೋನನ್ನು ಟವೆಲಿನಿಂದ ಒರೆಸಿ ನನ್ನ ಕೈಗೆ ಕೊಟ್ಟ. "ನೀವು ಅವಗ ಬೈಬ್ಯಾಡ್ರಿ. ಬೈಯೋದಿದ್ರ ನನಗ ಬೈರಿ."

ಬರುವ ದಾರಿಯಲ್ಲಿ ಎರಡೂ ಬದಿ ನೋಡುತ್ತ ಬಂದೆ. ಗ್ರಾನೈಟ್ ಹೊತ್ತ ಲಾರಿಗಳು ಆಟೋವನ್ನು ಅಲ್ಲಾಡಿಸಿ ಹೋಗುತ್ತಿದ್ದವು. ಕುಡಿದ ಹುಡುಗ ಈ ರಸ್ತೆಯಲ್ಲಿ ಬಿಸಿಲಲ್ಲಿ ನಡೆದಿದ್ದಾನೆ ಎಂದು ನೆನೆದು ತಲೆ ಹೊರಗೆ ಚಾಚಿ ನೋಡುತ್ತಿದ್ದೆ. ಅಕ್ಬರಸಾಬ ಗಿಡ ಬಂದಲ್ಲೆಲ್ಲ ಆಟೋ ಹಗುರ ಮಾಡಿ, "ಇಲ್ಲಿಲ್ರಿ," ಎಂದಷ್ಟೇ ಹೇಳಿ ಮುಂದೆ ಬಿಡುತ್ತಿದ್ದ. ಊರು ಬಂತು. ಶಂಭು ಕಾಣಲಿಲ್ಲ. ಬೇರೆ ಅಂಗಡಿ ಹೊಕ್ಕನೋ ಏನೋ ಎಂದು ನನ್ನ ಮನಸ್ಸು ಎಲ್ಲ ಕೆಟ್ಟ ಬಾಗಿಲುಗಳನ್ನು ತಟ್ಟಿಬಂತು.

ಅವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅಂಗಿ ಬೆವರಿಗೆ ಅಂಟಿತ್ತು, ಕಾಲು ಮೊಣಕಾಲ ತನಕ ಧೂಳು. ರೇಣವ್ವ ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತಿದ್ದಳು.

"ಎಲ್ಲಿ ಹೋಗಿದ್ರಿ ಅಕ್ಕೋರ? ಆವಾಗಿಂದ ಕಾಯಾಕತ್ತೀನಿ," ಎಂದ, ತಪ್ಪೆಲ್ಲ ನನ್ನದೇ ಎಂಬಂತೆ. "ಲಗೂನ ಶ್ರೀಧರ ಸರ್‌ಗೆ ಬರೀರಿ. ಅದು ಎರಡಲ್ಲ, ಮೂರು. ಎರಡು ಅಂದದ್ದು ನಾನಲ್ಲ."

"ಇದಕ್ಕಂತ ನಡಕೋತ ಬಂದ್ಯಾ?"

"ಮತ್ತ ಯಾತಕ್ಕ ಬರ್ಲಿ? ಎರಡಂದು ಮೂರ ಕುಡದೀನಿ, ಅದು ನಂದು. ಆದ್ರ ಕೇಳಿದ ಮನಶ್ಯಾಗ ನಾ ಎಂದೂ ಸುಳ್ಳ ಹೇಳಿಲ್ಲರಿ."

ಅವನ ಫೋನನ್ನು ಅವನ ಕೈಗೆ ಕೊಟ್ಟೆ. "ನೀನ ಬರಿ," ಎಂದೆ. ಹೇಗೆಂದು ತೋರಿಸಿದೆ. ಮೆಟ್ಟಿಲ ಮೇಲೆ ನಿಂತು ಮೂರು ಒತ್ತಿ ಕಳಿಸಿದ. ಉತ್ತರ ತಡವಾಗಲಿಲ್ಲ, ಶ್ರೀಧರ ಬಾಗಲಕೋಟೆಯಲ್ಲಿ ಫೋನು ಹಿಡಿದೇ ಕೂತಿದ್ದನೆಂದು ಕಾಣುತ್ತದೆ. "ಹೇಳಿದ್ದು ಒಳ್ಳೆಯದಾಯಿತು. ಇವತ್ತಿನ ಉಳಿದ ಹೊತ್ತಿಗೆ ಏನು ವಿಚಾರ?"

ಶಂಭು ಅದನ್ನು ಎರಡು ಸಲ ಓದಿದ. ಅಕ್ಷರ ಹುಡುಕಿ ಹುಡುಕಿ, ನನ್ನನ್ನು ಕೇಳದೆ, ಒಂದು ಶಬ್ದ ಕೂಡಿಸಿದ. ಸಾಕು.

ಆ ಸಂಜೆ ದೊಡ್ಡದಾಗಿತ್ತು. ಅವನು ಓಣಿಯ ಉದ್ದಕ್ಕೂ ಹೋದ, ಬಂದ. ಕೂತ, ಎದ್ದ. ಶೇಂಗಾ ಬಿಡಿಸಲು ಕೊಟ್ಟೆ, ಬಿಡಿಸುತ್ತಾ ಕಾಲು ಕುಣಿಸಿದ. ಓಣಿಯ ಬಾಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಅವನ ತಲೆ ಎದ್ದಿತು, ಅವನಿಗಿಂತ ಮೊದಲು ರೇಣವ್ವನದು, ಅವಳಿಗಿಂತ ಮೊದಲು ನನ್ನದು. ಚಂದಪ್ಪ ಬರಲಿಲ್ಲ. ಬರದೇ ಇದ್ದದ್ದು ಅವನ ಒಳ್ಳೆಯತನ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಪಾಡ್ಯದ ಬೆಳಿಗ್ಗೆ ರೇಣವ್ವ ನನ್ನನ್ನು ಕರೆದಳು, ಎಳೆ ಎಣಿಸುವಾಗ ದೀಪ ಹಿಡಿಯಲು ಎಂದಳು. ಹೊರಗೆ ಬೆಳಕು ಬೇಕಾದಷ್ಟಿತ್ತು. ಒಬ್ಬಳೇ ಇರಲಾರಳೆಂದು ತಿಳಿದು ಹೋದೆ. ಶಂಭು ಸ್ನಾನ ಮಾಡಿ, ವಿಭೂತಿ ಹಚ್ಚಿ, ಏನೂ ತಿನ್ನದೆ ಕೂತಿದ್ದ. ತಾಯಿ ರೇಷ್ಮೆಯ ಎಳೆ ಬಿಡಿಸಿ ಹಿಡಿದಳು. ಮಗ ಸೇರಿಸತೊಡಗಿದ. ಬೆರಳುಗಳಲ್ಲಿ ಸಣ್ಣ ನಡುಕ ಇತ್ತು. ಮೊದಲ ಎಳೆ ಹರಿಯಿತು. ಕೈ ತೊಡೆಯ ಕೆಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ, ಮತ್ತೆ ಹಿಡಿದ. ಎಳೆ ನಿಂತಿತು. ಅದರ ಪಕ್ಕದ್ದು ನಿಂತಿತು.

ಕೆಲಸ ಒಂದಿಷ್ಟು ಸಾಗಿದ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಶಿವಸಂಗಪ್ಪನವರು. ಹಿಂದೆ ಮಗ್ಗ ಬಿಚ್ಚುವ ಕೆಲಸದವರಿಬ್ಬರು. ಶಂಭು ಢಾಬಾದಲ್ಲಿದ್ದ ಸುದ್ದಿ ನಿನ್ನೆಯೇ ಅವರಿಗೆ ಮುಟ್ಟಿತ್ತು. ಕುಣಿಯ ಹತ್ತಿರ ಕೂತ ಹುಡುಗನನ್ನು ಕಂಡು ಅವರು ಹೊಸ್ತಿಲಲ್ಲೇ ನಿಂತರು.

"ನಿನ್ನಿ ಕುಡದಿದ್ದೇನೊ?"

ರೇಣವ್ವನ ಬಾಯಿಗೆ ಜ್ವರದ ಮಾತು ಬಂದದ್ದು ನನಗೆ ಕಂಡಿತು. ಅವಳು ನುಂಗಿಕೊಂಡಳು.

"ಹೌದ್ರಿ," ಎಂದ ಶಂಭು, ಎಳೆಯಿಂದ ಕಣ್ಣು ತೆಗೆಯದೆ. "ಮೂರು."

"ಆಮ್ಯಾಲೆ?"

"ಆಮ್ಯಾಲೆ ಸಾಕನಿಸ್ತು."

ಶಿವಸಂಗಪ್ಪನವರು ಕುತ್ತಿಗೆ ಚಾಚಿ ಹಾಸು ನೋಡಿದರು. ಹರಿದ ಎಳೆಯನ್ನೂ ನೋಡಿದರು, ಅವರ ಕಣ್ಣಿಗೆ ಅದು ತಪ್ಪುವುದಿಲ್ಲ. ಅಷ್ಟು ಹೊತ್ತು ತೋಳು ಎತ್ತಿ ಹಿಡಿದಿದ್ದ ರೇಣವ್ವನ ಕೈ ಸೋಲತೊಡಗಿತ್ತು, ಎಳೆಗಳು ಸಡಿಲಾಗಿ ತೂಗಿದವು. ಶಂಭು ಗಾಬರಿಯಿಂದ ಮುಖ ಎತ್ತಿದ. ನಾನು ದೀಪ ಕೆಳಗಿಟ್ಟೆ, ಆದರೆ ಆ ಕೆಲಸ ನನ್ನ ಕೈಗೆ ಬರುವಂಥದ್ದಲ್ಲ.

ಶಿವಸಂಗಪ್ಪನವರು ಕೊಡೆಯನ್ನು ಗೋಡೆಗೆ ಒರಗಿಸಿದರು. ಕೆಲಸದವರತ್ತ ತಿರುಗಿ, "ನೀವು ಹೋಗ್ರಿ," ಎಂದರು. ಚಪ್ಪಲಿ ಕಳಚಿ ಒಳಗೆ ಬಂದು, ಧೋತರ ಮಡಚಿಕೊಂಡು ರೇಣವ್ವನ ಜಾಗದಲ್ಲಿ ಕೂತು, ಅವಳ ಬೆರಳುಗಳಿಂದ ರೇಷ್ಮೆಯನ್ನು ತಮ್ಮ ಬೆರಳುಗಳಿಗೆ ತೆಗೆದುಕೊಂಡರು. ಹರೆಯದಲ್ಲಿ ಅವರೂ ನೇಯ್ದವರೇ.

"ಹೂಂ, ನಡೀಲಿ."

ಮಧ್ಯಾಹ್ನವಾಯಿತು. ಯಾರೂ ಏಳುವಂತಿರಲಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ತಪ್ಪುವಂತಿಲ್ಲ ಎಂದು ಶಿವಸಂಗಪ್ಪನವರ ಹೆಂಡತಿ ಮುತ್ತವ್ವ ಅವರನ್ನು ಹುಡುಕುತ್ತ ಬುತ್ತಿ ತಂದಳು. ಬಾಗಿಲಲ್ಲಿ ನಿಂತು ನೋಡಿ, ಬುತ್ತಿಯನ್ನು ಗಂಡನ ಪಕ್ಕ ಇಟ್ಟು, ನನ್ನ ಹತ್ತಿರ ಬಂದು ಕೂತಳು.

ಕೊನೆಯ ಎಳೆ ಸೇರಿದ ಮೇಲೆ ಶಂಭು ಬೆನ್ನು ನೆಟ್ಟಗೆ ಮಾಡಿದ. ಅವನ ಕೈಗಳು ಈಗ ಹಸಿವಿಗೆ ನಡುಗುತ್ತಿದ್ದವು. ಶಿವಸಂಗಪ್ಪನವರು ಹಾಸಿನ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿ ನೋಡಿದರು. ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಪಲ್ಯ ಸರಿಮಾಡಿ, ಎರಡೂ ಕೈಯಿಂದ ಎತ್ತಿ ಹುಡುಗನ ಕೈಗೆ ಕೊಟ್ಟರು.